ಮೂರು ಸಲ ಬೀಪ್

ಕಾಶಾನಿನ ಜುಲೈ.
ಹನ್ನೆರಡರಿಂದ ಐದರವರೆಗೆ
ಬೀದಿಯಲ್ಲಿ ಬೆಕ್ಕು ಕೂಡ ಇಲ್ಲ.
ಆ ಹೊತ್ತಿಗೇ ಸರಿಯಾಗಿ ನನ್ನ ಲ್ಯಾಪ್‌ಟಾಪ್
ಏದುಸಿರು ಬಿಟ್ಟು ಬಿಟ್ಟು,
ಮಾತಿನ ನಡುವೆ ಎದ್ದುಹೋದ ನೆಂಟನ ಹಾಗೆ
ತಟ್ಟನೆ ಆರಿಹೋಯಿತು.
ರತ್ನಗಂಬಳಿಯ ನಕ್ಷೆಯಲ್ಲಿ ಎಡಗಡೆಯ ಸೈಪ್ರಸ್ ಮರಕ್ಕೆ
ತುದಿಯೊಂದು ಬಾಕಿ ಇತ್ತು.

ಮತ್ತೆ ಒತ್ತಿದೆ. ಪರದೆ ಕಪ್ಪು.
ಬೀಪ್, ಬೀಪ್, ಬೀಪ್.
ಸ್ವಲ್ಪ ಮೌನ.
ಮತ್ತೆ ಅದೇ ಮೂರು.

"ಮದರ್‌ಬೋರ್ಡ್ ಹೋಗಿದೆ, ಎಸೆ" ಎಂದ ಇರಜ್ ಫೋನಿನಲ್ಲೇ.
ನಾಡಿ ಹಿಡಿಯದೆ ಕಾಯಿಲೆ ಹೇಳುವ ವೈದ್ಯ ಅವನು,
ಅಂಗಡಿಯಲ್ಲಿ ಹೊಸದನ್ನೂ ಮಾರುತ್ತಾನೆ.
ಅವನು ಹೇಳಿದ ಬೆಲೆಗೆ
ಅಮ್ಮ ಎರಡು ವರ್ಷ ನೇಯಬೇಕು,
ಅದೂ ಕಣ್ಣು ನೆಟ್ಟಗಿದ್ದರೆ.

ಸತ್ತದ್ದು ಹೀಗೆ ಲೆಕ್ಕವಿಟ್ಟು ಕೂಗುತ್ತದೆಯೇ?

ತಂತಿ ಕಿತ್ತು, ತಣಿಯಲು ಬಿಟ್ಟೆ.
ಹೊಟ್ಟೆಯಡಿ ಕೈಯಿಟ್ಟರೆ
ಆಗಷ್ಟೇ ಇಳಿಸಿದ ರೊಟ್ಟಿ ಹಂಚು.
ಹನ್ನೊಂದು ಸ್ಕ್ರೂ. ಒಂದೊಂದು ಒಂದೊಂದು ಉದ್ದ.
ಹಳೆಯ ನಕ್ಷೆಯ ಚೌಕಳಿ ಕಾಗದ ಹಾಸಿ
ಯಾವುದು ಎಲ್ಲಿಂದ ಬಂತೋ ಆ ಮನೆಯಲ್ಲೇ ಕೂರಿಸಿದೆ.
ಗಂಟು ಎಣಿಸಿಯೇ ಬೆಳೆದ ಕೈ,
ಬೇರೇನೂ ಗೊತ್ತಿಲ್ಲದಿದ್ದರೂ ಇಷ್ಟು ಗೊತ್ತು.

ಮೊದಲು ಬ್ಯಾಟರಿಯ ಕೊಂಡಿ ಬಿಡಿಸಿದೆ. ಬೆನ್ನು ಉಬ್ಬಿಲ್ಲ, ಸದ್ಯ.
ಈ ಯಂತ್ರದ ಭಾಷೆಯಲ್ಲಿ ಮೂರು ಕೂಗೆಂದರೆ ಮೆಮೊರಿಯಂತೆ.
ಇರುವುದು ಎರಡು ಪಟ್ಟಿ. ಎರಡನ್ನೂ ತೆಗೆದೆ,
ಚಿನ್ನದ ಹಲ್ಲುಗಳನ್ನು
ಪೆನ್ಸಿಲ್ಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ.
ಒಂದನ್ನೇ ಹಾಕಿ ನೋಡಿದೆ: ಕೂಗಿತು.
ಅದನ್ನು ತೆಗೆದು ಇನ್ನೊಂದನ್ನು ಹಾಕಿದೆ:
ಕೂಗಲಿಲ್ಲ.
ಪರದೆಯ ಮೇಲೆ ಬೆಳಕು, ನನ್ನ ಮರ, ತುದಿಯಿಲ್ಲದ ಮರ!

ಕುಣಿಯುವಷ್ಟರಲ್ಲಿ ಮತ್ತೆ ಏದುಸಿರು.
ತೊಂಬತ್ತಾರು ಡಿಗ್ರಿ ಎಂದಿತು ಅಂಕಿ.
ಕೂಗಿದ್ದು ಒಂದು ಕಾಯಿಲೆ,
ಕೂಗದೆ ಬೇಯುತ್ತಿದ್ದದ್ದು ಇನ್ನೊಂದು.

ಮತ್ತೆ ಆರಿಸಿದೆ. ಮತ್ತೆ ಬಿಚ್ಚಿದೆ.
ಫ್ಯಾನಿನ ಬಾಯಿಗೆ ಟಾರ್ಚ್ ಹಿಡಿದರೆ
ಒಳಗೊಂದು ಗೋಡೆ.
ದೂಳಲ್ಲ. ಉಣ್ಣೆ.
ಇದೇ ಕೋಣೆಯ ಮಗ್ಗದಿಂದ
ಏಳು ವರ್ಷ ಹಾರಿದ ಎಳೆ, ಎಳೆ, ಎಳೆ
ತಾನೇ ತಾನಾಗಿ ಒತ್ತಿ, ಕಂಬಳಿಯಾಗಿ ಕೂತಿದೆ.
ನಾನೋ, ಅದನ್ನು ದಿನವೂ
ಕಂಬಳಿಯ ಮೇಲೇ ಇಟ್ಟು ಉಸಿರು ಕಟ್ಟಿಸಿದವಳು.

ರೆಕ್ಕೆ ತಿರುಗದಂತೆ ಕಡ್ಡಿ ಸಿಕ್ಕಿಸಿ
ಚಿಮ್ಮಟದಲ್ಲಿ ಎಳೆದೆ.
ಉಗುರಗಲದ ತುಂಡು ಬಂತು.
ಒಂದು ಅಂಚು ನೀಲಿ, ನಡುವೆ ಅಕ್ರೋಟು ಸಿಪ್ಪೆಯ ಕಂದು,
ಅಡಿಯಲ್ಲಿ, ಎಲ್ಲಕ್ಕಿಂತ ಹಳೆಯ ಪದರದಲ್ಲಿ,
ಕೆಂಪು.

ಅಮ್ಮ ಹಣಿಗೆ ಕೆಳಗಿಟ್ಟಳು.
ಬೆರಳ ನಡುವೆ ಹೊಸೆದಳು, ಕಿಟಕಿಗೆ ಹಿಡಿದಳು, ಮೂಸಿದಳು.
"ಹಾಶೆಮ್ ಕಾಯಿಸಿದ ಕೆಂಪು" ಎಂದಳು.
"ಮಂಜಿಷ್ಠೆಯ ಜೊತೆ ಹುಳಿ ಮಜ್ಜಿಗೆ ಹಾಕುತ್ತಿದ್ದ ಕಳ್ಳ,
ಎಷ್ಟು ಹಾಕುತ್ತೀ ಎಂದರೆ ನಗುತ್ತಿದ್ದ."
ಹಾಶೆಮ್ ಹೋಗಿ ಐದು ವರ್ಷ.
ಈ ಕೆಂಪಿಗಾಗಿ ನಾನು ಪರದೆಯ ಮೇಲೆ
ಎಷ್ಟು ಬಣ್ಣ ಕಲಸಿದ್ದೇನೆ,
ಒಂದಕ್ಕೂ ಅವಳು ತಲೆಯಾಡಿಸಿರಲಿಲ್ಲ.
ಅದು ಇಲ್ಲೇ ಇತ್ತು,
ನನ್ನ ಬೆರಳುಗಳ ಕೆಳಗೆ, ಬಿಸಿಯಾಗಿ.

ಹಳೆಯ ಪೇಸ್ಟ್ ಸುಣ್ಣದ ಹೆಕ್ಕಳಿಕೆಯಾಗಿತ್ತು. ಕೆರೆದು,
ಕಡಲೆಬೇಳೆಯಷ್ಟು ಹೊಸದನ್ನಿಟ್ಟು ಒತ್ತಿದೆ.
ಹನ್ನೊಂದರಲ್ಲಿ ಹತ್ತು ಸ್ಕ್ರೂ ಮನೆ ಸೇರಿದವು.
ಇನ್ನೊಂದು ಎಲ್ಲಿ ಹೋಯಿತೋ, ಕಂಬಳಿಗೇ ಗೊತ್ತು.

ಅರವತ್ತೆಂಟು. ಎಪ್ಪತ್ತು. ಅರವತ್ತೊಂಬತ್ತು.
ನಂಬಿಕೆ ಸಾಲದೆ ಒಂದು ಗಂಟೆ ನೋಡುತ್ತಾ ಕೂತೆ.
ಅರ್ಧ ಮೆಮೊರಿಯ ಯಂತ್ರ, ನಿಧಾನ. ಇರಲಿ,
ಈ ಮನೆಯಲ್ಲಿ ಯಾರಿಗೆ ಅವಸರ.
ಕೆಂಪು ಚೂರನ್ನು ಅಮ್ಮ
ಸೂಜಿಡಬ್ಬಿಯೊಳಗೆ ಹಾಕಿ ಮುಚ್ಚಿದ್ದಾಳೆ.

ಈಗ ಲ್ಯಾಪ್‌ಟಾಪ್ ನಿಂತಿರುವುದು
ಬೋರಲು ಹಾಕಿದ ನಾಲ್ಕು ಚಹಾ ಲೋಟಗಳ ಮೇಲೆ,
ಅಡಿಯಲ್ಲಿ ಗಾಳಿ ಸುಳಿಯಲೆಂದು.
ಸಂಜೆ ಇರಜ್ ಬಂದ,
ಹೊಸದರ ಬೆಲೆಪಟ್ಟಿ ಹಿಡಿದು.
ಕೂರಿಸಿ ಮಾತಾಡಿಸಿದೆವು.
ಚಹಾಕ್ಕೆ ಲೋಟ ಇರಲಿಲ್ಲ.